ಹುಳಕ್ಕೆ ಜ್ವರ, ನನಗೆ ಓಟ

ನಮ್ಮ ಕಡೆ ನಲವತ್ತು ದಾಟಿದ ಹೆಂಗಸು ರಸ್ತೆಯಲ್ಲಿ ಓಡಿದರೆ ಅದಕ್ಕೊಂದು ಕಾರಣ ಇರಲೇಬೇಕು. ಬಸ್ಸು ಹೊರಟಿರಬೇಕು, ಇಲ್ಲವೇ ಹಗ್ಗ ಬಿಚ್ಚಿಕೊಂಡ ಎಮ್ಮೆ ಪಕ್ಕದವರ ರಾಗಿಗೆ ಬಾಯಿ ಹಾಕಿರಬೇಕು. ಇವೆರಡೂ ಅಲ್ಲವೆಂದರೆ ಯಾರೋ ಹೋಗಿಬಿಟ್ಟಿದ್ದಾರೆ ಎಂದೇ ಅರ್ಥ. ಕಾರಣವೇ ಇಲ್ಲದೆ ಓಡುವವಳನ್ನು ಏನೆಂದು ಕರೆಯಬೇಕೋ ಊರಿಗೆ ಗೊತ್ತಿಲ್ಲ. ನಾನು ಅಂಥವಳು. ವಯಸ್ಸು ನಲವತ್ತೇಳು. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ, ಮಗಳ ಮದುವೆ ಮಾಡಿದ್ದೇವೆ. ಇಷ್ಟೆಲ್ಲ ಇದ್ದೂ ನಾನು ಓಡುತ್ತೇನೆ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ತಿಳಿಯಬೇಡಿ. ಒಪ್ಪಿಕೊಳ್ಳುವುದಕ್ಕೆ ಮೊದಲು ತಪ್ಪು ಮಾಡಿರಬೇಕಲ್ಲ.

ಎರಡು ವರ್ಷದ ಹಿಂದೆ ಮಾಗಡಿಯ ಡಾಕ್ಟರು ನನ್ನ ರಕ್ತದ ಚೀಟಿ ನೋಡಿ, ಸಕ್ಕರೆ ಬಾಗಿಲಿಗೆ ಬಂದು ನಿಂತಿದೆ, ಒಳಗೆ ಬಿಟ್ಟುಕೊಳ್ಳಬೇಡಿ, ದಿನಾ ಅರ್ಧ ಗಂಟೆ ನಡೆಯಿರಿ ಎಂದರು. ಪಟ್ಟಣದಲ್ಲಿರುವವರಿಗೆ ನಡೆಯುವುದು ಸುಲಭ. ಹಳ್ಳಿಯಲ್ಲಿ ನಡೆದು ನೋಡಿ. ನೂರು ಹೆಜ್ಜೆ ಹಾಕುವುದರೊಳಗೆ ಒಂದು ಬೈಕು ಪಕ್ಕದಲ್ಲಿ ನಿಂತು, "ಅಕ್ಕೋ, ಎಲ್ಗೆ? ಹತ್ಕಳಿ" ಎನ್ನುತ್ತದೆ. ಬೇಡಪ್ಪ, ಸುಮ್ಮನೆ ನಡೀತಿದ್ದೀನಿ ಎಂದರೆ ಮುಖ ಸಣ್ಣದಾಗುತ್ತದೆ. ಅವರ ಬೈಕಿಗೆ ಏನು ಕಡಿಮೆ ಆಯಿತು ಎಂಬ ಪ್ರಶ್ನೆ ಏಳುತ್ತದೆ. ಮೊದಲ ವಾರ ನಾನು ಆರು ಸಲ ನಡೆಯಲು ಹೊರಟು ಐದು ಸಲ ಬೈಕಿನಲ್ಲಿ ಹೋಗಿ ಬಂದೆ. ಒಂದು ಸಲ ಹಾಲಿನ ವ್ಯಾನಿನಲ್ಲಿ. ಓಡುವವರನ್ನು ಯಾರೂ ಹತ್ತಿಸಿಕೊಳ್ಳುವುದಿಲ್ಲ ಎಂಬ ಒಂದೇ ಲೆಕ್ಕಾಚಾರದ ಮೇಲೆ ನಾನು ಓಡಲು ಶುರು ಮಾಡಿದ್ದು. ಅದೂ ಪೂರ್ತಿ ಸರಿಯಾಗಲಿಲ್ಲ. ಮೊದಲ ದಿನ ನಾನು ಓಡುವುದನ್ನು ಕಂಡು ಇಬ್ಬರು ಗಂಡಸರು ಮತ್ತು ಒಬ್ಬ ಅಜ್ಜಿ ನನ್ನ ಹಿಂದೆಯೇ ಓಡಿ ಬಂದರು. ಕೆರೆ ಏರಿಯ ಮೇಲೆ ನಾನು ಉಸಿರಿಗಾಗಿ ನಿಂತಾಗ ಅವರೂ ನಿಂತು, "ಯಾರ್ ಓದ್ರು?" ಎಂದು ಕೇಳಿದರು. ಯಾರೂ ಹೋಗಿಲ್ಲ ಎಂದೆ. ಅಜ್ಜಿಗೆ ಬಂದ ಕೋಪ ಈಗಲೂ ಇಳಿದಿಲ್ಲ.

ಊರನ್ನು ಹೇಗೋ ನಿಭಾಯಿಸಬಹುದಿತ್ತು. ನಿಭಾಯಿಸಲಾಗದ್ದು ನಮ್ಮ ಅತ್ತೆಯನ್ನು. ಅವರಿಗೆ ಎಪ್ಪತ್ತೊಂದು ವರ್ಷ. ನಮ್ಮ ಹುಳದ ಮನೆಗೆ ಅವರೇ ಪೊಲೀಸು, ಅವರೇ ಜಡ್ಜು. ರೇಷ್ಮೆ ಹುಳದಷ್ಟು ಸೂಕ್ಷ್ಮದ ಜೀವ ಇನ್ನೊಂದಿಲ್ಲ ನೋಡಿ. ಘಾಟು, ವಾಸನೆ, ಹೊರಗಿನ ಧೂಳು ಯಾವುದೂ ಅದಕ್ಕೆ ಆಗುವುದಿಲ್ಲ. ಅದಕ್ಕೇ ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತೇವೆ. ಚಪ್ಪಲಿ ಹೊರಗೆ ಬಿಟ್ಟು, ಗೋಣಿಯ ಮೇಲೆ ಎರಡೂ ಪಾದ ಚೆನ್ನಾಗಿ ಒತ್ತಿ, ಆಮೇಲೆ ಒಳಗೆ. ಮದುವೆಯಾಗಿ ಬಂದ ಮರುದಿನ ಅತ್ತೆ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ದೇವರ ಮನೆ ತೋರಿಸಿದ್ದು ಮೂರನೆಯ ದಿನ. ಒಮ್ಮೆ ಬ್ಯಾಂಕಿನ ಸಾಹೇಬರು ಬೂಟು ಹಾಕಿಕೊಂಡೇ ಒಳಗೆ ಕಾಲಿಡಲು ಹೋದಾಗ ಅತ್ತೆ ಅವರ ತೋಳು ಹಿಡಿದು ಹೊರಗೆ ಎಳೆದಿದ್ದಾರೆ. ನಮ್ಮ ಯಜಮಾನರು ಬೀಡಿ ಬಿಟ್ಟದ್ದೂ ಹೀಗೆಯೇ. ಮೂರು ಜನ ಡಾಕ್ಟರು ಹೇಳಿ ಬಿಡಿಸಲಾಗದ ಬೀಡಿಯನ್ನು, ಹೊಗೆಸೊಪ್ಪಿನ ಕೈಯಲ್ಲಿ ಹುಳ ಮುಟ್ಟಿದರೆ ಅವು ಸಾಯುತ್ತವೆ ಎಂಬ ಒಂದು ಮಾತು ಬಿಡಿಸಿತು. ತಾನು ಸಾಯುತ್ತೇನೆ ಎಂದಾಗ ಹೆದರದ ಮನುಷ್ಯ ಹುಳ ಸಾಯುತ್ತದೆ ಎಂದಾಗ ಹೆದರಿದರು. ನಾನು ಅದನ್ನು ಪ್ರೀತಿ ಎಂದೇ ತಿಳಿದಿದ್ದೇನೆ, ಯಾರ ಮೇಲಿನದು ಎಂದು ಕೇಳಬೇಡಿ.

ಇಂಥ ಮನೆಯಲ್ಲಿ ಓಟಗಾರ್ತಿಯ ಪಾಡು ಊಹಿಸಿಕೊಳ್ಳಿ. ಮಂಡಿ ನೋವೆಂದರೆ ನೋವಿನ ಮುಲಾಮು ಹಚ್ಚುವ ಹಾಗಿಲ್ಲ. ಹಚ್ಚಿದ ದಿನ ಅತ್ತೆ ಅಡುಗೆ ಮನೆಯಿಂದಲೇ ಮೂಗೆತ್ತಿ, "ಯಾರೇ ಅದು, ಹುಳದ್ ಮನೆ ಹತ್ರ ಬರ್ಬ್ಯಾಡ" ಎನ್ನುತ್ತಿದ್ದರು. ಹುಳ ಇರುವಷ್ಟು ದಿನ ಉಪ್ಪುನೀರಿನ ಶಾಖವೇ ಗತಿ. ಇನ್ನು ಓಡುವ ಸಮಯ. ಮಗಳು ಫೋನಿನಲ್ಲಿ ಒಂದು ವೇಳಾಪಟ್ಟಿ ಕಳಿಸಿದ್ದಳು. ಸೋಮವಾರ ಇಷ್ಟು, ಬುಧವಾರ ಅಷ್ಟು, ಶುಕ್ರವಾರ ವಿಶ್ರಾಂತಿ. ಹುಳಕ್ಕೆ ಸೋಮವಾರ ಶುಕ್ರವಾರ ಗೊತ್ತಿಲ್ಲ. ಬೆಳಿಗ್ಗೆ ಐದಕ್ಕೆ ಸೊಪ್ಪು ಕತ್ತರಿಸಲು ತೋಟಕ್ಕೆ ಇಳಿಯಬೇಕು. ಬಿಡುವು ಸಿಗುವುದು ಹುಳ ಜ್ವರಕ್ಕೆ ಕೂತಾಗ ಮಾತ್ರ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಕಾಯಿಲೆಯಲ್ಲ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಒಂದು ದಿನ, ನಾಲ್ಕನೆಯದಾದರೆ ಒಂದೂವರೆ ದಿನ. ಆಗ ಸೊಪ್ಪು ಹಾಕುವ ಹಾಗಿಲ್ಲ, ಸದ್ದು ಮಾಡುವ ಹಾಗಿಲ್ಲ. ಹುಳ ಕೂರುತ್ತವೆ, ನಾನು ಓಡುತ್ತೇನೆ. ಒಂದು ಬೆಳೆ ಮುಗಿದು ಮನೆ ತೊಳೆದು ಒಣಗಿಸುವ ದಿನಗಳಲ್ಲೂ ಓಡುತ್ತೇನೆ. ಜಗತ್ತಿನಲ್ಲಿ ಯಾವ ಓಟಗಾರರೂ ಹುಳದ ಜ್ವರ ನೋಡಿಕೊಂಡು ತಯಾರಾಗಿರಲಾರರು.

ಹೋದ ಬೆಳೆಯಲ್ಲಿ ಎರಡು ತಟ್ಟೆ ಹುಳಕ್ಕೆ ಸಪ್ಪೆ ರೋಗ ಬಂತು. ಮಳೆಗಾಲ, ಸೊಪ್ಪು ಒದ್ದೆ, ಊರಲ್ಲಿ ಹಲವರ ಮನೆಯಲ್ಲಿ ಹಾಗೇ ಆಗಿತ್ತು. ಅತ್ತೆಗೆ ಮಾತ್ರ ಕಾರಣ ಸ್ಪಷ್ಟವಾಗಿತ್ತು. ಮಗಳು ಕೊಡಿಸಿದ ನನ್ನ ಬೂಟುಗಳನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿ, "ಊರೂರ್ ಧೂಳೆಲ್ಲ ಇದ್ರಾಗೈತೆ. ಇದ್ರಿಂದ್ಲೇ ಬಂದದ್ದು" ಎಂದರು. ಅದೇ ವಾರ ರಾಮನಗರದಲ್ಲಿ ಹತ್ತು ಕಿಲೋಮೀಟರ್ ಓಟ ಇದೆ, ಯಾರು ಬೇಕಾದರೂ ಸೇರಬಹುದು ಎಂಬ ಕರಪತ್ರ ಗ್ರಂಥಾಲಯಕ್ಕೆ ಬಂದಿತ್ತು. ನಾನು ಹೆಸರು ಕೊಟ್ಟುಬಿಟ್ಟಿದ್ದೆ. ಮನೆಯಲ್ಲಿ ಜಟಾಪಟಿಯಾಯಿತು. ಯಜಮಾನರು ಎರಡೂ ಕಡೆ ಹೌದೌದು ಎಂದು ತಲೆಯಾಡಿಸಿದರು. ಕೊನೆಗೆ ಅತ್ತೆ ತೀರ್ಪು ಕೊಟ್ಟರು.

"ಒಂದ್ ಸಲ ಓಗ್ಬಾ. ಅಂಗೂ ಮೂರು ಜನುಕ್ಕೆ ಬಹುಮಾನ ಕೊಡ್ತಾರಂತಲ್ಲ, ಆ ಮೂರ್ರಾಗೆ ಬಂದ್ರೆ ಓಡ್ಕೊ, ನಾನ್ ಬಾಯ್ ಬುಡಲ್ಲ. ಬರ್ನಿಲ್ಲ ಅಂದ್ರೆ ಆ ಬೂಟ ಅಟ್ಟದ್ ಮ್ಯಾಕೆ ಎಸ್ದುಬುಡ್ಬೇಕು."

"ಆಗಲಿ" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ನಾನು ಅಲ್ಲಿಯವರೆಗೆ ಒಂದೇ ಏಟಿಗೆ ಏಳು ಕಿಲೋಮೀಟರಿಗಿಂತ ಹೆಚ್ಚು ಓಡಿಯೇ ಇರಲಿಲ್ಲ. ಆ ಹೊತ್ತಿಗೆ ಓಟ ನನಗೆ ಸಕ್ಕರೆಯ ಔಷಧವಾಗಿ ಉಳಿದಿರಲಿಲ್ಲ. ಇಡೀ ದಿನದಲ್ಲಿ ನನ್ನನ್ನು ಯಾರೂ ಏನೂ ಕೇಳದ ನಲವತ್ತು ನಿಮಿಷ ಅದು. ಸೊಪ್ಪೆಲ್ಲಿ, ಸಾರೆಲ್ಲಿ, ಯುಗಾದಿಗೆ ಕೊಂಡೊಯ್ದ ಪುಸ್ತಕ ಯಾವಾಗ ವಾಪಸ್ಸು ಕೊಡಲಿ ಎನ್ನುವವರು ಯಾರೂ ಇಲ್ಲದ ನಲವತ್ತು ನಿಮಿಷ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಆದ್ದರಿಂದ ಒಂದು ಕಿತಾಪತಿ ಮಾಡಿದೆ. ಎರಡು ಜ್ವರ ಮುಗಿಸಿದ ಮರಿಹುಳಗಳನ್ನು ನಾವು, ಮರಿ ಸಾಕಿ ಮಾರುವ ಚಾಕಿ ಕೇಂದ್ರದಿಂದ ತರಿಸುತ್ತೇವೆ. ಅವರಿಗೆ ಗುಟ್ಟಾಗಿ ಫೋನ್ ಮಾಡಿ, ನಾಲ್ಕನೇ ಜ್ವರ ಓಟದ ಭಾನುವಾರಕ್ಕೇ ಬೀಳುವ ಹಾಗೆ ಹುಳವನ್ನು ಎರಡು ದಿನ ತಡವಾಗಿ ತರಿಸಿಕೊಂಡೆ. ಅತ್ತೆಗೆ ಇದು ಇವತ್ತಿಗೂ ಗೊತ್ತಿಲ್ಲ. ಅವರಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಓದಿ ಹೇಳುವವರು ದಯವಿಟ್ಟು ಈ ಸಾಲು ಬಿಟ್ಟು ಓದಿ.

ಭಾನುವಾರ ಹುಳ ಒಂದೂ ತಪ್ಪದೆ ಜ್ವರಕ್ಕೆ ಕೂತಿದ್ದವು. ಯಜಮಾನರ ಬೈಕಿನಲ್ಲಿ ರಾಮನಗರ ತಲುಪಿದಾಗ ಬೆಳಕು ಹರಿಯುತ್ತಿತ್ತು. ಬೆಂಗಳೂರಿನಿಂದ ಬಂದವರೇ ಹೆಚ್ಚು. ನಮ್ಮ ವಯಸ್ಸಿನ ಹೆಂಗಸರು ಕೂಡ ಕಪ್ಪು ಕನ್ನಡಕ, ಮೊಳಕಾಲವರೆಗಿನ ಕಾಲುಚೀಲ, ಕೈಯಲ್ಲಿ ಮಾತಾಡುವ ಗಡಿಯಾರ ಹಾಕಿಕೊಂಡು ಮರಕ್ಕೆ ಕಾಲು ಕೊಟ್ಟು ಮೈ ಸಡಿಲಿಸುತ್ತಿದ್ದರು. ನಾನು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ನಿಂತಿದ್ದೆ. ಯಜಮಾನರು ನೆಲಕ್ಕೆ ಕೂತು ನನ್ನ ಬೂಟಿನ ದಾರಕ್ಕೆ ಗಂಟು ಹಾಕಿದರು, ಮೇವಿನ ಹೊರೆಗೆ ಹಾಕುವ ಗಂಟು. ಎದ್ದು ನಿಂತು, "ಕೊನೇಗೆ ಮಾತ್ರ ಬರ್ಬ್ಯಾಡ ಕಣಮ್ಮಿ, ಉಳಿದದ್ದು ಏನಾರ ಆಗ್ಲಿ" ಎಂದರು. ನನ್ನ ಮೇಲೆ ಅವರಿಗಿದ್ದ ನಂಬಿಕೆ ಅಷ್ಟು. ನನಗೆ ಸಿಟ್ಟು ಬಂತು, ಅದೇ ಸಿಟ್ಟಿನಲ್ಲಿ ಹೊರಟೆ.

ಆವತ್ತು ಏನಾಯಿತೋ ನನಗೂ ಗೊತ್ತಿಲ್ಲ. ಮೋಡ ಕವಿದಿತ್ತು, ಗಾಳಿ ತಣ್ಣಗಿತ್ತು, ಮಂಡಿ ಇದೆ ಎಂಬುದೇ ಮರೆತುಹೋಗಿತ್ತು. ಮೊದಲ ಎರಡು ಕಿಲೋಮೀಟರ್ ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ಹೋಗಲಿ ಎಂದೆ. ಆಮೇಲೆ ಬಂಡೆಬೆಟ್ಟದ ಮಗ್ಗುಲಲ್ಲಿ ಏರು ಶುರುವಾಯಿತು. ನಮ್ಮ ಹಿಪ್ಪುನೇರಳೆ ತೋಟದಿಂದ ಮನೆಗೆ ಬರುವುದು ಅಂಥದ್ದೇ ಏರು. ಇಪ್ಪತ್ತೈದು ವರ್ಷದಿಂದ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ದಿನಕ್ಕೆ ನಾಲ್ಕು ಸಲ ಹತ್ತಿದ್ದೇನೆ. ಹೊರೆಯಿಲ್ಲದೆ ಹತ್ತುವುದು ಒಂದು ಹತ್ತುವುದೇ? ಕನ್ನಡಕದವರೆಲ್ಲ ಒಬ್ಬೊಬ್ಬರೇ ಸೊಂಟಕ್ಕೆ ಕೈಕೊಟ್ಟು ನಡೆಯತೊಡಗಿದರು. ಗಡಿಯಾರಗಳು ಇಂಗ್ಲಿಷಿನಲ್ಲಿ ಏನೋ ಬೈಯುತ್ತಿದ್ದವು. ನಾನು ದಾಟಿದೆ. ಒಬ್ಬರು "ಸೂಪರ್ ಆಂಟಿ" ಎಂದರು. ಅವರಿಗೂ ನನ್ನಷ್ಟೇ ವಯಸ್ಸು, ಆಂಟಿ ಎಂದದ್ದಕ್ಕೆ ಇನ್ನೂ ಜೋರಾಗಿ ದಾಟಿದೆ. ನಲವತ್ತೈದು ದಾಟಿದ ಹೆಂಗಸರಿಗೆ ಬಹುಮಾನ ಬೇರೆ, ಅವರಿಗೆ ಹಳದಿ ಬಣ್ಣದ ನಂಬರು ಚೀಟಿ ಕೊಟ್ಟಿದ್ದರು. ಹಿಂತಿರುಗುವ ತಿರುವಿನಲ್ಲಿ, ಎದುರಿನಿಂದ ವಾಪಸ್ಸು ಬರುತ್ತಿದ್ದ ಹಳದಿ ಚೀಟಿಗಳನ್ನು ಎಣಿಸಿದೆ. ಒಂದು, ಎರಡು, ಮೂರು. ಅಷ್ಟೇ. ನಾನು ನಾಲ್ಕನೆಯವಳು. ಏಳೂವರೆ ಕಿಲೋಮೀಟರ್ ಹತ್ತಿರ ಮೂರನೆಯವಳನ್ನೂ ಹಿಂದೆ ಹಾಕಿದೆ. ಹಳದಿ ಟೋಪಿ ಹಾಕಿದ ತೆಳ್ಳನೆಯ ಹೆಂಗಸು. ಈಗ ನಾನೇ ಮೂರನೆಯವಳು. ಇನ್ನು ಬೂಟು ಅಟ್ಟ ಸೇರುವುದಿಲ್ಲ ಎಂದುಕೊಂಡೆ. ಓಡುತ್ತಲೇ ನಕ್ಕೆ. ಅಷ್ಟು ಖುಷಿಯಾಗಿ ನಾನು ನಕ್ಕು ಬಹಳ ದಿನವಾಗಿತ್ತು.

ಕೊನೆಯ ತಿರುವು ದಾಟಿದೆ, ಮುಗಿಯುವ ಜಾಗ ಕಂಡಿತು. ಬಹುಮಾನ ಕೊಡಲು ಯಾರೋ ದೊಡ್ಡವರು ಬರುವವರಿದ್ದರಂತೆ. ದೊಡ್ಡವರು ಬರುತ್ತಾರೆಂದರೆ ನಮ್ಮಲ್ಲಿ ಏನು ಮಾಡುತ್ತಾರೆ ಗೊತ್ತಲ್ಲ, ರಸ್ತೆ ತೊಳೆದು ಎರಡೂ ಬದಿಗೆ ಬ್ಲೀಚಿಂಗ್ ಪುಡಿಯ ಬಿಳಿ ಗೆರೆ ಎಳೆದಿದ್ದರು. ಹೊರಡುವಾಗ ಅದಿರಲಿಲ್ಲ. ಗೆರೆಯ ನಡುವೆ ಬಾಗಿಲಿನಂತೆ ಒಂದು ಕಮಾನು. ಕಮಾನಿನ ಅಡಿಯಲ್ಲಿ ಅಡ್ಡಕ್ಕೆ ಹಾಸಿದ, ಒದ್ದೆಯಾದ ಒಂದು ದಪ್ಪ ಚಾಪೆ. ಎದೆಯ ಮೇಲಿನ ಚೀಟಿಯಿಂದ ಸಮಯ ಓದಿಕೊಳ್ಳುವ ಯಂತ್ರದ ಚಾಪೆ ಅದು ಎಂದು ಆಮೇಲೆ ತಿಳಿಯಿತು. ಹೊರಡುವಾಗಲೂ ಅದು ಅಲ್ಲೇ ಇತ್ತಂತೆ; ಜನರ ನೂಕಿನಲ್ಲಿ ನನಗೆ ನೆಲ ಕಾಣಿಸಿರಲಿಲ್ಲ. ಈಗ ಕಂಡಿತು. ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿಯಿತು. ಎದುರಿಗೆ ಬಾಗಿಲು, ಬಾಗಿಲಿಗೆ ಒದ್ದೆ ಚಾಪೆ.

ನಾನು ನಿಂತೆ.

ನಿಂತು, ಬಗ್ಗಿ, ಬೂಟಿನ ದಾರ ಬಿಚ್ಚತೊಡಗಿದೆ. ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣ ನನಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಮೇವಿನ ಹೊರೆಯ ಗಂಟು ಬೇಗ ಬಿಚ್ಚಲಿಲ್ಲ, ಹಲ್ಲು ಕಚ್ಚಿ ಎಳೆದೆ. ಎರಡೂ ಬೂಟು ತೆಗೆದು, ಚಾಪೆಯ ಈಚೆಗೆ ಜೋಡಿಸಿ ಇಟ್ಟೆ. ಸುತ್ತ ಜನ ಕೂಗುತ್ತಿದ್ದರು. ಮೈಕಿನವನು, "ಅಮ್ಮಾ, ಅಮ್ಮಾ, ಬನ್ನಿ, ಯಾಕೆ ನಿಂತ್ರಿ" ಎನ್ನುತ್ತಿದ್ದ. ಬರುತ್ತೇನಪ್ಪ, ಬಿಟ್ಟು ಬರಬೇಡವೇ ಎಂದುಕೊಂಡು, ಚಾಪೆಯ ಮೇಲೆ ಎರಡೂ ಪಾದ ಚೆನ್ನಾಗಿ ಒತ್ತಿ ಒರೆಸಿಕೊಂಡು ಆಚೆಗೆ ಕಾಲಿಟ್ಟೆ. ಅಷ್ಟರಲ್ಲಿ ಪಕ್ಕದಲ್ಲಿ ಹಳದಿ ಟೋಪಿಯೊಂದು ಸುಯ್ಯೆಂದು ಹೋಗಿ ಆಗಿತ್ತು.

ಕೊರಳಿಗೆ ಪದಕ ಬಿತ್ತು. ಅದು ಓಡಿ ಮುಗಿಸಿದವರಿಗೆಲ್ಲ ಕೊಡುವಂಥದ್ದು. ಒಬ್ಬ ಹುಡುಗಿ ನನ್ನ ಬೂಟು ತಂದುಕೊಟ್ಟು, "ಕಾಲಿಗೆ ಪೆಟ್ಟಾಯ್ತಾ ಮೇಡಂ?" ಎಂದಳು. ಪೆಟ್ಟು ಬಿದ್ದದ್ದು ಕಾಲಿಗಲ್ಲ ಎಂದು ಆಗ ಅರ್ಥವಾಯಿತು. ಮರದ ಕೆಳಗೆ ಕೂತು ನಿಜವಾಗಿ ಅತ್ತುಬಿಟ್ಟೆ. ಯಜಮಾನರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ನೀವಾದರೂ ಕೂಗಬಾರದಿತ್ತೇ ಎಂದು ಅವರ ಮೇಲೆ ಹಾಯ್ದೆ. ಅವರು ತಲೆ ಕೆರೆದುಕೊಂಡು, "ನಾನೂ ಮೊದ್ಲು ಸರ್ಯಾಗೇ ಮಾಡ್ತಾವ್ಳೆ ಅನ್ಕಂಡೆ ಕಣಮ್ಮಿ. ಆಮೇಕ್ ಗ್ಯಾನ ಬಂತು" ಎಂದರು. ಅಂಥ ಗಂಡನ ಮೇಲೆ ಎಷ್ಟು ಹೊತ್ತು ಸಿಟ್ಟಾಗಿರಲು ಸಾಧ್ಯ?

ದಾರಿಯಲ್ಲಿ ಅವರೇ ಉಪಾಯ ಹೇಳಿದರು. ಪದಕ ಇದೆ, ಅವ್ವನಿಗೆ ಏನು ತಿಳಿಯುತ್ತದೆ, ಮೂರನೆಯದು ಎಂದು ಹೇಳಿಬಿಡೋಣ ಎಂದು. ನಾನು ಬೈಕು ನಿಲ್ಲಿಸಲು ಹೇಳಿದೆ. ನೋಡಿ, ನಾಲ್ಕನೇ ಸ್ಥಾನ ಎಂದರೆ ಏನು ಕಡಿಮೆ? ಗಡಿಯಾರ ಕಟ್ಟಿಕೊಂಡು ಬಂದ ಅಷ್ಟು ಜನ ನನ್ನ ಹಿಂದೆ ಬಂದಿದ್ದಾರೆ. ಒಂದೂವರೆ ಗಂಟೆ ಹಿಡಿಯುತ್ತದೆ ಎಂದುಕೊಂಡವಳು ಒಂದು ಗಂಟೆ ಆರು ನಿಮಿಷಕ್ಕೆ ಮುಗಿಸಿದ್ದೇನೆ, ಅದರಲ್ಲಿ ಬೂಟು ಬಿಚ್ಚಿದ್ದೂ ಸೇರಿದೆ. ಅದನ್ನು ಸುಳ್ಳು ಹೇಳಿ ಮುಚ್ಚಬೇಕೇ? ನಾಲ್ಕನೆಯದು ಎಂದೇ ಹೇಳುತ್ತೇನೆ, ಓಡುವುದನ್ನೂ ಬಿಡುವುದಿಲ್ಲ, ಅಟ್ಟಕ್ಕೆ ಎಸೆದರೆ ಬರಿಗಾಲಲ್ಲೇ ಓಡುತ್ತೇನೆ, ಅತ್ತೆ ಏನು ಮಾಡುತ್ತಾರೋ ಮಾಡಲಿ ಎಂದೆ. ಮನೆ ಬರುವವರೆಗೂ ಬೈಕಿನ ಹಿಂದೆ ಕೂತು ಅತ್ತೆಯ ಎದುರು ಆಡಬೇಕಾದ ಮಾತುಗಳನ್ನು ಜೋಡಿಸಿದೆ. ಮದುವೆಯಾದಾಗಿನಿಂದ ನುಂಗಿಕೊಂಡ ಎಲ್ಲವೂ ಅದರಲ್ಲಿತ್ತು. ಕುಣಿಗಲ್ ರಸ್ತೆ ಬಿಟ್ಟು ನಮ್ಮೂರ ಕಡೆ ತಿರುಗುವ ಹೊತ್ತಿಗೆ ಅದು ಒಂದು ಒಳ್ಳೆಯ ಭಾಷಣವಾಗಿತ್ತು.

ಅತ್ತೆ ಜಗಲಿಯ ಮೇಲೆ ಕೂತಿದ್ದರು. ಪದಕ ನೋಡಿದರು, ಮುಟ್ಟಲಿಲ್ಲ.

"ಎಷ್ಟ್ನೇದು?"

"ನಾಲ್ಕನೇದು" ಎಂದೆ, ಗದ್ದ ಎತ್ತಿಯೇ.

"ಅಂಗಾರೆ ಮೂರ್ರಾಗೆ ಇಲ್ಲ."

"ಮೂರನೇದೇ ಇದ್ದೆ ಅತ್ತೆ. ಕೊನೇಲಿ ಬಾಗಿಲ ತಾವ ಚಾಪೆ ಹಾಸಿದ್ರು, ಬ್ಲೀಚಿಂಗ್ ವಾಸ್ನೆ ಬತ್ತಿತ್ತು. ಬೂಟು ಬಿಚ್ಚಕ್ಕೆ ನಿಂತ್ಬುಟ್ಟೆ. ಹಿಂದಿದ್ದೋಳು ಮುಂದಕ್ಕೋದ್ಲು."

ನಾನು ಭಾಷಣದ ಮೊದಲ ಸಾಲನ್ನು ಗಂಟಲಿಗೆ ತಂದುಕೊಂಡೆ.

"ಅವ್ಳು ಮೆಟ್ಟಾಕ್ಕಂಡೇ ಓದ್ಲಾ? ಚಾಪೆ ಮ್ಯಾಲೆ?"

"ಹೂಂ."

"ಯಾರೂ ಏನೂ ಅನ್ನಿಲ್ವಾ?"

"ಬಹುಮಾನ ಕೊಟ್ರು."

ಅತ್ತೆಯ ಮುಖ ಕೆಂಪಾಯಿತು. ನಾನು ಇಪ್ಪತ್ತೈದು ವರ್ಷದಲ್ಲಿ ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಬ್ಯಾಂಕಿನ ಸಾಹೇಬರ ಸಲ ಬಿಟ್ಟರೆ ನೋಡಿಲ್ಲ. "ಥೂ, ಅದೇನ್ ಹೆಂಗ್ಸು ಅಂತ. ಚಾಪೆ ಹಾಸಿದ್ಮ್ಯಾಕೆ ಮೆಟ್ ಬುಡ್ಬೇಕು ಅಂತ ಹುಟ್ಟಿದ್ ಮಕ್ಳಿಗೂ ಗೊತ್ತಾಯ್ತದೆ. ಕೊಟ್ಟೋರ್ಗಾದ್ರೂ ಬುದ್ಧಿ ಬ್ಯಾಡ್ವಾ? ಅವ್ಳ ಮನೇಲಿ ಹುಳ ಇದ್ದಿದ್ರೆ ಒಂದೂ ಗೂಡ್ ಕಟ್ತಿರ್ನಿಲ್ಲ. ಬುಡು, ನೀನೇ ಮೂರ್ನೇದು. ಕೈಕಾಲ್ ತೊಳ್ಕಂಡು ಉಣ್ಣೋಗು" ಎಂದು ಎದ್ದು ಒಳಗೆ ಹೋದರು.

ನನ್ನ ಭಾಷಣ ಹಾಗೇ ಉಳಿಯಿತು. ಇಡೀ ದಾರಿ ಜಗಳಕ್ಕೆ ತಯಾರಾಗಿ ಬಂದವಳಿಗೆ ಜಗಳ ಸಿಗದಿದ್ದರೆ ಆಗುವ ನಿರಾಸೆ ಸಾಮಾನ್ಯದ್ದಲ್ಲ. ಆದರೂ ಕೈ ತೊಳೆಯುವಾಗ ಕಣ್ಣು ಮಂಜಾಯಿತು. ಅತ್ತೆ ನನ್ನ ಪರವಾಗಿ ಯಾರನ್ನೋ ಬೈದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಐದಕ್ಕೆ ಯಾರೋ ಹೊದಿಕೆ ಎಳೆದರು. ನನ್ನ ಎರಡು ಕಾಲೂ ಒನಕೆಯಲ್ಲಿ ಕುಟ್ಟಿದಂತಿದ್ದವು. ಕಣ್ಣು ಬಿಟ್ಟರೆ ಅತ್ತೆ.

"ಏಳೇ. ಹುಳ ಇನ್ನೂ ಅರ್ಧ ಜ್ವರದಾಗವೆ, ಸೊಪ್ಪು ಮಧ್ಯಾನ್ಕೆ. ಓಡಾಕೋಗಲ್ವಾ?"

"ಇವತ್ತೊಂದಿನ ಬ್ಯಾಡ ಅತ್ತೆ. ಕಾಲು ಒಸಿ ನೋಯ್ತವೆ."

"ಮೂರ್ನೇದು ಬಂದೋಳು ಹಿಂಗಂದ್ರೆ ಆಯ್ತದಾ? ಮುಂದಿನ್ ಸಲ ಎರಡ್ನೇದು ಬತ್ತಾಳೆ ಅಂತ ನೆನ್ನೆ ಸಂಜೆನೇ ಡೈರಿ ತಾವ ಎಲ್ರಿಗೂ ಹೇಳ್ಬುಟ್ಟಿವ್ನಿ. ನನ್ ಮಾನ ಕಳೀಬ್ಯಾಡ, ಎದ್ದೇಳು."

ಎದ್ದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ತಿರುವಿನಾಚೆ ಹೋಗಿ ಯಾವುದಾದರೂ ಕಲ್ಲಿನ ಮೇಲೆ ಕೂತುಬಿಡೋಣ ಎಂದುಕೊಂಡರೆ, ಅವರು ಬೀದಿಯ ಕೊನೆಯವರೆಗೂ ಬಂದು ನೋಡುತ್ತಿದ್ದರು. ಎರಡು ವರ್ಷ ಊರನ್ನೆಲ್ಲ ಎದುರು ಹಾಕಿಕೊಂಡು, ಯಾರ ಮಾತಿಗೂ ಸೊಪ್ಪು ಹಾಕದೆ ಓಡಿದವಳು ನಾನು. ಆವತ್ತು ಮಾತ್ರ ಅತ್ತೆಗೆ ಹೆದರಿ ಓಡಿದೆ.